ಕುಣಿಯುವ ಕುದುರೆಯ ಬೆಲೆ

ಕಳೆದ ಯುಗಾದಿಗೆ ಊರಿಗೆ ಹೋಗಿದ್ದಾಗ ನನ್ನ ಅಕ್ಕ ಒಬ್ಬಟ್ಟಿಗೆ ತುಪ್ಪ ಬಡಿಸುತ್ತಾ, ಧ್ವನಿಯನ್ನು ತಗ್ಗಿಸಿ ಒಂದು ಮಾತು ಹೇಳಿದಳು: “ಅವನಿಗೆ ಸ್ವಲ್ಪ ಬುದ್ಧಿ ಹೇಳೋ. ನಿನ್ನ ಮಾತಾದರೆ ಕೇಳುತ್ತಾನೆ. ನಲವತ್ತು ಲಕ್ಷ ಸಾಲ ಮಾಡಿ ಅದೇನೋ ರೇಸಿನ ಕಾರು ಕೊಳ್ಳುತ್ತಾನಂತೆ!”

‘ಅವನು’ ಎಂದರೆ ಅವಳ ಹಿರಿಯ ಮಗ. ಬೆಂಗಳೂರಿನಲ್ಲಿ ನೌಕರಿಗೆ ಸೇರಿ ಎರಡು ವರ್ಷವಾಗಿದೆ. ಯಾರೋ ಬಳಸಿ ಬಿಟ್ಟ ವಿದೇಶೀ ಕಾರೊಂದು ಮಾರಾಟಕ್ಕಿದೆಯೆಂದೂ, ಅದು ಇಬ್ಬರೇ ಕುಳಿತುಕೊಳ್ಳಬಹುದಾದ, ಗಂಟೆಗೆ ಇನ್ನೂರೈವತ್ತು ಕಿಲೋಮೀಟರು ಓಡಬಲ್ಲ ಕಾರೆಂದೂ ಅವನೇ ಆ ಮೇಲೆ ನನಗೆ ಉತ್ಸಾಹದಿಂದ ವಿವರಿಸಿದನು. ನಾನು ಕನ್ನಡ ಪಾಠ ಹೇಳುವವನು; ಕಾರುಗಳ ವಿಚಾರದಲ್ಲಿ ನನ್ನ ಪಾಂಡಿತ್ಯ ಅಷ್ಟಕ್ಕಷ್ಟೆ. ಆದರೆ ತಿಳಿಯದ ವಿಷಯದಲ್ಲಿ ಬುದ್ಧಿ ಹೇಳುವುದು ಅಧ್ಯಾಪಕನಿಗೆ ಶೋಭಿಸದು. ಆದುದರಿಂದ ಒಂದು ತಿಂಗಳ ಅವಕಾಶ ಬೇಡಿ, ಆ ಜಗತ್ತಿನ ಕಥೆಯನ್ನು ಓದತೊಡಗಿದೆನು.

ಮಾರನೆಲ್ಲೊದ ಮಾಂತ್ರಿಕ

ಇಟಲಿಯ ಮೊಡೆನಾ ನಗರದ ಬಳಿ ಮಾರನೆಲ್ಲೊ ಎಂಬ ಪುಟ್ಟ ಊರಿದೆ. 1898ರಲ್ಲಿ ಹುಟ್ಟಿದ ಎಂಜೊ ಫೆರಾರಿ ಎಂಬಾತ ತನ್ನ ಹೆಸರನ್ನು ಹೊತ್ತ ಮೊದಲ ಕಾರನ್ನು 1947ರಲ್ಲಿ ಇಲ್ಲಿಂದಲೇ ಹೊರಡಿಸಿದನು. ಅದರ ಯಂತ್ರಕ್ಕೆ ಹನ್ನೆರಡು ಸಿಲಿಂಡರುಗಳು. ಗಾತ್ರವೋ ಕೇವಲ ಒಂದೂವರೆ ಲೀಟರು. ಕಾರಿನ ಮುಂಭಾಗದಲ್ಲಿ ಹಳದಿ ಹಿನ್ನೆಲೆಯ ಮೇಲೆ ಹಿಂಗಾಲಿನಲ್ಲಿ ನಿಂತು ಕುಣಿಯುವ ಕಪ್ಪು ಕುದುರೆ. ಆ ಲಾಂಛನ ಮೊದಲನೆಯ ಮಹಾಯುದ್ಧದಲ್ಲಿ ಮಡಿದ ವಿಮಾನಯೋಧ ಫ್ರಾಂಚೆಸ್ಕೊ ಬರಾಕ್ಕನದು.

ಎಂಜೊ ಫೆರಾರಿಗೆ ಪಂದ್ಯವೇ ಪ್ರಾಣ. ಪಂದ್ಯದ ಖರ್ಚಿಗೆ ಹಣ ಬೇಕೆಂದೇ ಅವನು ಸಿರಿವಂತರಿಗೆ ಕಾರು ಮಾರುತ್ತಿದ್ದನು. ಮಾರುಕಟ್ಟೆ ಎಷ್ಟು ಕಾರುಗಳನ್ನು ಕೇಳುತ್ತದೆಯೋ ಅದಕ್ಕಿಂತ ಒಂದನ್ನು ಕಡಿಮೆ ತಯಾರಿಸಬೇಕೆಂಬುದು ಅವನ ನೀತಿಯಾಗಿತ್ತು. ಅವನು 1988ರಲ್ಲಿ ತೀರಿಕೊಂಡರೂ ನೀತಿ ಉಳಿದುಕೊಂಡಿದೆ. 2024ರಲ್ಲಿ ಆ ಸಂಸ್ಥೆ ಇಡೀ ಜಗತ್ತಿಗೆ ಒದಗಿಸಿದ ಕಾರುಗಳು 13,752. ಜಪಾನಿನ ಟೊಯೋಟಾ ಬಳಗ ವರ್ಷಕ್ಕೆ ಮಾರುವ ಕಾರುಗಳು ಒಂದು ಕೋಟಿಗೂ ಮಿಗಿಲು. ಆದರೆ ಅದೇ 2024ರಲ್ಲಿ ಫೆರಾರಿಯ ನಿವ್ವಳ ಲಾಭ ಸುಮಾರು 152 ಕೋಟಿ ಯೂರೋ. ಪಂದ್ಯದ ಪ್ರಾಯೋಜಕರು ಕೊಡುವ ಹಣ ಮೊದಲಾದುವೂ ಇದರಲ್ಲಿ ಸೇರಿವೆ, ನಿಜ. ಆದರೂ ಮಾರಿದ ಕಾರುಗಳ ಸಂಖ್ಯೆಯಿಂದ ಭಾಗಿಸಿದರೆ ಕಾರೊಂದಕ್ಕೆ 1 ಲಕ್ಷ 10 ಸಾವಿರ ಯೂರೋ ಬರುತ್ತದೆ. ಕೊಳ್ಳುವವನು ತೆರುವ ಹಣದಲ್ಲಿ ಉಕ್ಕಿಗೆ, ಚರ್ಮಕ್ಕೆ, ಕುಶಲಕರ್ಮಿಯ ಕೂಲಿಗೆ ಹೋಗುವ ಪಾಲು ಒಂದಾದರೆ, ‘ಇದು ಎಲ್ಲರಿಗೂ ದೊರೆಯದು’ ಎಂಬ ಭಾವಕ್ಕೆ ಹೋಗುವ ಪಾಲು ಮತ್ತೊಂದು.

ಇದಕ್ಕೆ ಸಂಬಂಧಿಸಿದಂತೆ ಒಂದು ಕಥೆ ಪ್ರಸಿದ್ಧವಾಗಿದೆ. ಟ್ರ್ಯಾಕ್ಟರು ತಯಾರಿಸಿ ಶ್ರೀಮಂತನಾದ ಫೆರುಚ್ಚೊ ಲ್ಯಾಂಬೋರ್ಗಿನಿ ಎಂಬಾತ ಫೆರಾರಿ ಕಾರೊಂದನ್ನು ಇಟ್ಟುಕೊಂಡಿದ್ದನು. ಅದರ ಕ್ಲಚ್ಚು ಮತ್ತೆ ಮತ್ತೆ ಕೆಡುತ್ತಿತ್ತು. ಬಿಚ್ಚಿಸಿ ನೋಡಿದರೆ ಅದು ತನ್ನ ಟ್ರ್ಯಾಕ್ಟರಿಗೆ ತಾನೇ ಹಾಕುತ್ತಿದ್ದ ಕ್ಲಚ್ಚಿನಂಥದೇ! ದೂರು ಹೇಳಲು ಹೋದಾಗ ಎಂಜೊ ಅವನನ್ನು ಹಗುರವಾಗಿ ಕಂಡನಂತೆ. ಅವಮಾನಗೊಂಡ ರೈತನ ಮಗ 1963ರಲ್ಲಿ ತನ್ನದೇ ಕಾರಿನ ಕಾರ್ಖಾನೆಯನ್ನು ತೆರೆದನು. ಕಥೆಗೆ ರೆಕ್ಕೆಪುಕ್ಕ ಎಷ್ಟೇ ಸೇರಿರಲಿ, ಕಾರ್ಖಾನೆ ಹುಟ್ಟಿದ್ದು ಮಾತ್ರ ಸುಳ್ಳಲ್ಲ. ಇನ್ನೊಂದು ಸಂಗತಿಯೂ ಸುಳ್ಳಲ್ಲ: ಹತ್ತು ಹನ್ನೊಂದು ವರ್ಷಗಳಲ್ಲಿ ಲ್ಯಾಂಬೋರ್ಗಿನಿ ಆ ಸಂಸ್ಥೆಯನ್ನು ಸಂಪೂರ್ಣವಾಗಿ ಪರರಿಗೆ ಮಾರಿ, ದ್ರಾಕ್ಷಿ ತೋಟದ ಕಡೆಗೆ ನಡೆದುಬಿಟ್ಟನು.

ಗಾಳಿಗೆ ತೆರುವ ಕಂದಾಯ

ವೇಗಕ್ಕೆ ಇಷ್ಟು ಬೆಲೆ ಏಕೆ? ಇದಕ್ಕೆ ಉತ್ತರ ಭೌತಶಾಸ್ತ್ರದಲ್ಲಿದೆ. ಕಾರಿನ ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಆ ತಡೆಯನ್ನು ಭೇದಿಸಿ ಮುನ್ನುಗ್ಗಲು ಬೇಕಾದ ಶಕ್ತಿಯೋ ಎಂಟು ಪಟ್ಟು! ಗಂಟೆಗೆ ನೂರು ಕಿಲೋಮೀಟರು ಓಡುವುದು ಸಾಮಾನ್ಯ ಕಾರಿಗೆ ಸುಲಭ. ಇನ್ನೂರಕ್ಕೆ ಏರುವುದು ಕಷ್ಟ. ನಾನೂರಕ್ಕೆ ಏರುವುದು ಬೇರೆಯೇ ಲೋಕದ ಮಾತು. 2005ರಲ್ಲಿ ಹೊರಬಂದ ಬುಗಾಟಿ ವೇರಾನ್ ಎಂಬ ಕಾರಿಗೆ ಎಂಟು ಲೀಟರು ಗಾತ್ರದ, ಹದಿನಾರು ಸಿಲಿಂಡರುಗಳ, 1001 ಅಶ್ವಶಕ್ತಿಯ ಯಂತ್ರವಿತ್ತು. ಅದನ್ನು ತಂಪಾಗಿಡಲು ಹತ್ತು ರೇಡಿಯೇಟರುಗಳು ಬೇಕಾದುವು. ಗಂಟೆಗೆ 407 ಕಿಲೋಮೀಟರು ವೇಗದಲ್ಲಿ ಓಡಿದರೆ ನೂರು ಲೀಟರಿನ ಅದರ ಪೆಟ್ರೋಲು ತೊಟ್ಟಿ ಸುಮಾರು ಹನ್ನೆರಡೇ ನಿಮಿಷಗಳಲ್ಲಿ ಬರಿದು. ಕೊನೆಯ ಕೆಲವು ಕಿಲೋಮೀಟರುಗಳ ವೇಗಕ್ಕಾಗಿಯೇ ಹಣದ ಬಹುಭಾಗ ವ್ಯಯವಾಗುತ್ತದೆಯೆಂಬುದು ಇದರಿಂದ ಸ್ಪಷ್ಟ.

ಆದರೆ ಆ ವೇಗವನ್ನು ಬಳಸುವುದೆಲ್ಲಿ? ಫೆರಾರಿಯ ತವರಾದ ಇಟಲಿಯಲ್ಲಿಯೇ ಮಹಾಮಾರ್ಗಗಳ ವೇಗದ ಮಿತಿ ಗಂಟೆಗೆ 130 ಕಿಲೋಮೀಟರು. ಅಲ್ಲಿ ಸಾವಿರ ಅಶ್ವಶಕ್ತಿಯ ಕಾರಿಗೂ ಸಾಧಾರಣ ಸಂಸಾರಿಯ ಕಾರಿಗೂ ಕಾಯಿದೆಯ ಕಣ್ಣಿನಲ್ಲಿ ಭೇದವಿಲ್ಲ.

ಮಿತಿಯನ್ನು ಮೀರಿದಾಗ ಬೆಲೆ ತೆರುವವರು ಯಾವಾಗಲೂ ಕಾರಿನ ಒಡೆಯರಲ್ಲ. ಇಟಲಿಯ ಸಾರ್ವಜನಿಕ ರಸ್ತೆಗಳಲ್ಲಿ ಹಿಂದೆ ಮಿಲ್ಲೆ ಮಿಲ್ಯಾ ಎಂಬ ಸಾವಿರ ಮೈಲಿಗಳ ಪಂದ್ಯ ನಡೆಯುತ್ತಿತ್ತು. 1957ರಲ್ಲಿ ಅದರಲ್ಲಿ ಓಡುತ್ತಿದ್ದ ಫೆರಾರಿ ಕಾರೊಂದರ ಚಕ್ರ ಸಿಡಿದು, ಅದು ದಾರಿಯ ಬದಿಯ ಜನರ ಮೇಲೆ ನುಗ್ಗಿತು. ಕಾರಿನಲ್ಲಿದ್ದ ಇಬ್ಬರೊಡನೆ ಒಂಬತ್ತು ಮಂದಿ ಪ್ರೇಕ್ಷಕರೂ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಪಂದ್ಯ ಅಲ್ಲಿಗೇ ನಿಂತಿತು. ಯಾವ ಬೆಲೆಪಟ್ಟಿಯಲ್ಲಿಯೂ ಕಾಣಿಸದ ಬೆಲೆಯಿದು.

ನಾಣ್ಯದ ಮತ್ತೊಂದು ಮುಖ

ಇಷ್ಟನ್ನು ಓದಿ, ಅಕ್ಕನ ಪರವಾಗಿ ತೀರ್ಪು ಕೊಟ್ಟುಬಿಡಬಹುದೆಂದು ನಾನು ಭಾವಿಸಿದೆನು. ಆದರೆ ಎದುರುಪಕ್ಷದ ವಾದವನ್ನೂ ಕೇಳುವುದು ನ್ಯಾಯ.

ಇಂದು ನಮ್ಮ ಸಾಮಾನ್ಯ ಕಾರುಗಳಲ್ಲಿರುವ ಹಲವು ಅನುಕೂಲಗಳು ಜನರ ಕಣ್ಣಿಗೆ ಬಿದ್ದದ್ದು ಪಂದ್ಯದ ಕಣದಲ್ಲಿ. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯವನ್ನು ಗೆದ್ದ ರೇ ಹ್ಯಾರೂನ್ ಹಿಂದೆ ಬರುವವರನ್ನು ನೋಡಲು ತನ್ನ ಕಾರಿಗೊಂದು ಕನ್ನಡಿಯನ್ನು ಕಟ್ಟಿಕೊಂಡಿದ್ದನು. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಪಂದ್ಯವನ್ನು ಜಾಗ್ವಾರ್ ಕಾರು ಡಿಸ್ಕ್ ಬ್ರೇಕುಗಳ ಬಲದಿಂದ ಗೆದ್ದಿತು. ಇಂದು ಆ ಬ್ರೇಕುಗಳು ಮೋಟಾರು ಸೈಕಲ್ಲಿನಲ್ಲಿಯೂ ಇವೆ. ಒಬ್ಬ ಶ್ರೀಮಂತನ ಷೋಕಿ ಹತ್ತು ಮಂದಿ ಬಡವರ ಪ್ರಾಣ ಉಳಿಸುವುದೂ ಉಂಟು.

ಇನ್ನು ಹಣದ ಲೆಕ್ಕ. ಫೆರಾರಿ ಸಂಸ್ಥೆ 1962ರಿಂದ 1964ರವರೆಗೆ ‘250 ಜಿ.ಟಿ.ಓ.’ ಎಂಬ ಕಾರನ್ನು ತಯಾರಿಸಿತು. ಮಾಡಿದ್ದು ಮೂವತ್ತಾರು. ಆಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 18,000 ಡಾಲರು. 2018ರಲ್ಲಿ ಅಂಥ ಒಂದು ಕಾರು ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು! ಐವತ್ತಾರು ವರ್ಷ ವರ್ಷಕ್ಕೆ ಶೇಕಡ 15ರಂತೆ ಚಕ್ರಬಡ್ಡಿ ಬೆಳೆದಂತಾಯಿತು.

ಇದನ್ನು ತೋರಿಸಿಯೇ ನನ್ನ ಸೋದರಳಿಯ, “ನೋಡಿ ಮಾಮ, ಇದು ಖರ್ಚಲ್ಲ, ಆಸ್ತಿ” ಎಂದನು. ಆದರೆ ಅದೇ ಮಾದರಿಯ ಮತ್ತೊಂದು ಕಾರಿನ ಕಥೆಯನ್ನು ಕೇಳಿ. ಅದನ್ನು ಯಾರೋ ಟೆಕ್ಸಾಸಿನ ಒಂದು ಹೈಸ್ಕೂಲಿಗೆ ದಾನ ಮಾಡಿದ್ದರು. 1972ರಲ್ಲಿ ಅದು 6,500 ಡಾಲರಿಗೆ ಮಾರಾಟವಾಗಿ, ಕೊಂಡವನ ಹೊಲದಲ್ಲಿ ಅನೇಕ ವರ್ಷ ಮಳೆಬಿಸಿಲಿಗೆ ನಿಂತಿತ್ತು. ಮುಂದೆ ಯಾವುದು ರತ್ನವಾದೀತೆಂದು ಆಗ ಬಲ್ಲವರಾರು? ಮೂವತ್ತಾರರಲ್ಲಿ ಒಂದಾದ ಕಾರಿನ ಭಾಗ್ಯ ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಬರುವುದಿಲ್ಲ. ಸಾಮಾನ್ಯವಾಗಿ ಕಾರು ಅಂಗಡಿಯ ಹೊಸ್ತಿಲು ದಾಟಿದ ಗಳಿಗೆಯಿಂದಲೇ ಅದರ ಬೆಲೆ ಇಳಿಯತೊಡಗುತ್ತದೆ. ಬಿಡಿಭಾಗ, ಚಕ್ರ, ವಿಮೆಗಳ ಖರ್ಚು ಮಾತ್ರ ಅದು ಹೊಸದಾಗಿದ್ದಾಗಿನ ಅಂತಸ್ತಿಗೆ ತಕ್ಕಂತೆಯೇ ಇರುತ್ತದೆ. ಬಿಳಿಯ ಆನೆಯನ್ನು ಅಗ್ಗಕ್ಕೆ ಕೊಂಡರೂ ಮೇವು ಅಗ್ಗವಾಗದು.

ಅಳಿಯನ ಬಾಣ

ತಿಂಗಳು ಕಳೆದ ಮೇಲೆ ಅವನು ನಮ್ಮ ಮನೆಗೆ ಬಂದನು. ನಾನು ಕಾಗದ ತೆಗೆದು ಲೆಕ್ಕ ಹಾಕಿದೆನು. ನಲವತ್ತು ಲಕ್ಷ ಸಾಲ, ಶೇಕಡ 9ರ ಬಡ್ಡಿ, ಏಳು ವರ್ಷ: ತಿಂಗಳ ಕಂತು ಸುಮಾರು 64 ಸಾವಿರ ರೂಪಾಯಿ, ಒಟ್ಟು ತೆರುವುದು 54 ಲಕ್ಷ. ಅವನ ಸಂಬಳದ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯಿತು. “ನಿನ್ನ ಕಛೇರಿ ಎಷ್ಟು ದೂರ?” ಎಂದೆನು. “ಹನ್ನೊಂದು ಕಿಲೋಮೀಟರು. ಒಂದು ಗಂಟೆ ಹಿಡಿಯುತ್ತದೆ” ಎಂದನು. ಉತ್ತರ ಅವನಿಗೇ ಕೇಳಿಸಿತು; ನಕ್ಕನು.

ಆದರೆ ಮರುಕ್ಷಣವೇ ನನ್ನ ಪುಸ್ತಕದ ಬೀರುವಿನ ಕಡೆಗೆ ಬೆರಳು ತೋರಿಸಿ, “ಮಾಮ, ಆ ಕಿಟ್ಟೆಲ್ ನಿಘಂಟಿಗೆ ಎಷ್ಟು ಕೊಟ್ಟಿರಿ?” ಎಂದು ಕೇಳಿದನು. ನಾನು ನಿರುತ್ತರನಾದೆನು. 1894ರ ಮೊದಲ ಮುದ್ರಣದ ಆ ಪ್ರತಿಗೆ ನಾನು ಒಂದು ತಿಂಗಳ ಸಂಬಳವನ್ನೇ ಸುರಿದಿದ್ದೆನು. ಪುನರ್ಮುದ್ರಣದಲ್ಲಿಯೂ ಇರುವುದು ಅವೇ ಶಬ್ದಗಳು, ಅವೇ ಅರ್ಥಗಳು. ಆದರೂ ಆ ಹಳೆಯ ಕಾಗದವನ್ನು ಮುಟ್ಟಿದಾಗ ಆಗುವ ಸಂತೋಷಕ್ಕೆ ನಾನು ಬೆಲೆ ತೆತ್ತಿದ್ದೆನು. ಅವನ ಹುಚ್ಚನ್ನು ಹುಚ್ಚೆನ್ನಲು ನನಗೆ ಅಧಿಕಾರವೆಲ್ಲಿ?

ಕೊನೆಗೆ ನಾನು ಹೇಳಿದ್ದು ಇಷ್ಟೆ: “ನನ್ನ ಹುಚ್ಚಿಗೆ ನಾನು ದುಡಿದು ಮುಗಿಸಿದ ಒಂದು ತಿಂಗಳನ್ನು ಕೊಟ್ಟೆ. ನೀನು ಇನ್ನೂ ಬಾರದ ಏಳು ವರ್ಷಗಳನ್ನು ಒತ್ತೆಯಿಡುತ್ತಿದ್ದೀಯೆ. ಇನ್ನೊಂದು ಪ್ರಶ್ನೆ. ಆ ಕಾರನ್ನು ನೋಡುವವರು ಯಾರೂ ಇಲ್ಲದ ಊರಿನಲ್ಲಿಯೂ ನೀನು ಅದನ್ನು ಕೊಳ್ಳುವೆಯಾ? ಕೊಳ್ಳುವೆಯಾದರೆ ಅದು ಪ್ರೀತಿ. ಇಲ್ಲವಾದರೆ ನೀನು ಹಣ ಕೊಡುತ್ತಿರುವುದು ಪರರ ಕಣ್ಣಿಗೆ.”

ಅವನು ಬಹಳ ಹೊತ್ತು ಸುಮ್ಮನಿದ್ದು, “ಓಡಿಸುವುದು ನಿಜವಾಗಿಯೂ ಇಷ್ಟ, ಮಾಮ” ಎಂದನು. ಆ ಮಾತಿನಲ್ಲಿ ಕಪಟವಿರಲಿಲ್ಲ.

ಮದರಾಸಿನ ಬಳಿ ಇರುಂಗಾಟುಕೋಟೈ ಎಂಬಲ್ಲಿ ಕಾರು ಪಂದ್ಯಕ್ಕೆಂದೇ ಕಟ್ಟಿದ ಪಥವಿದೆ. ಅಲ್ಲಿ ಓಡಿಸುವ ವಿದ್ಯೆಯನ್ನು ಕಲಿಸುವ ಏರ್ಪಾಡೂ ಉಂಟು. ಮುಂದಿನ ತಿಂಗಳು ಅವನು ಎರಡು ದಿನ ರಜೆ ಹಾಕಿ ಅಲ್ಲಿಗೆ ಹೋಗಿಬಂದನು. ಬಂದವನ ಮುಖದಲ್ಲಿದ್ದ ಬೆಳಕನ್ನು ಕಂಡು ಅಕ್ಕ ಮೊದಲು ಗಾಬರಿಗೊಂಡಳು. ಸಾಲದ ಕಾಗದಕ್ಕೆ ಸಹಿ ಹಾಕಿಲ್ಲವೆಂದು ತಿಳಿದ ಮೇಲೆ ನಿಟ್ಟುಸಿರುಬಿಟ್ಟಳು. ಅವನು ಈಗ ಮತ್ತೊಂದು ಸಲ ಹೋಗಲು ಹಣ ಕೂಡಿಡುತ್ತಿದ್ದಾನೆ.

ದುಬಾರಿ ಕಾರು ಬೆಲೆಗೆ ತಕ್ಕುದೇ ಎಂಬ ಪ್ರಶ್ನೆಗೆ ಕಾರಿನಲ್ಲಿ ಉತ್ತರವಿಲ್ಲ, ಕೊಳ್ಳುವವನಲ್ಲಿದೆ. ಉಂಡು ಉಟ್ಟು, ಕೊಡುವವರಿಗೆ ಕೊಟ್ಟು ಮಿಕ್ಕ ಹಣದಿಂದ, ಯಂತ್ರದ ಸೊಗಸನ್ನು ಬಲ್ಲವನೊಬ್ಬ ಕೊಂಡರೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ಹಾಸಿಗೆಯನ್ನು ಮೀರಿ ಕಾಲು ಚಾಚುವವನಿಗೆ ಮಾತ್ರ ಕುಣಿಯುವ ಕುದುರೆ ಸವಾರನನ್ನೇ ಕೆಡವುವ ಕುದುರೆಯಾದೀತು.

ಮೊನ್ನೆ ನಾವಿಬ್ಬರೂ ಬಸ್ಸಿಗಾಗಿ ಕಾಯುತ್ತಿದ್ದಾಗ ಕೆಂಪು ಕಾರೊಂದು ಗುಡುಗುಟ್ಟುತ್ತಾ ಹಾದುಹೋಯಿತು. ಅಳಿಯ ಕತ್ತು ತಿರುಗಿಸಿ ನೋಡಿದನು. ನಾನೂ ನೋಡಿದೆನೆಂಬುದನ್ನು ವಾಚಕರಿಂದ ಮರೆಮಾಚುವುದಿಲ್ಲ. ನೋಡುವುದಕ್ಕೆ ಕಾಸು ಕೊಡಬೇಕಾಗಿಲ್ಲವಷ್ಟೆ!