ಕರಾವಳಿಯ ಮನೆಗೆ ಜಗಲಿ ಏಕೆ ಬೇಕು?

ಬೇಸಿಗೆಯಲ್ಲಿ ವಾರ್ತೆಯ ಕೊನೆಗೆ ಬರುವ ಹವಾಮಾನ ವರದಿಯನ್ನು ನೀವು ಕೇಳಿರುತ್ತೀರಿ. ಬಿಸಿಗಾಳಿಯ ಎಚ್ಚರಿಕೆ ಕೊಡಲು ಭಾರತೀಯ ಹವಾಮಾನ ಇಲಾಖೆ ಇಟ್ಟುಕೊಂಡಿರುವ ಅಳತೆ ಎಲ್ಲ ಊರುಗಳಿಗೂ ಒಂದೇ ಅಲ್ಲ. ಕಲಬುರಗಿಯಂಥ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಆ ಮಾತೇ ಏಳುವುದಿಲ್ಲ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ 37 ಡಿಗ್ರಿಯಾದರೆ ಎಚ್ಚರಿಕೆಯ ವಿಚಾರ ಶುರುವಾಗುತ್ತದೆ. ಕರಾವಳಿಗೆ ಈ ಮೂರು ಡಿಗ್ರಿಯ ರಿಯಾಯಿತಿ ಏಕೆ?

ಉತ್ತರ ನಿಮ್ಮ ಬೆವರಿನಲ್ಲಿದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಮೈಯಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾಗುವುದು 100 ಕ್ಯಾಲೊರಿ ಮಾತ್ರ ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಮೊತ್ತವೆಂದು ತಿಳಿಯುತ್ತದೆ. ಆದರೆ ಬೆವರು ಆವಿಯಾಗಬೇಕು, ಸುಮ್ಮನೆ ಹರಿದು ಹೋದರೆ ಪ್ರಯೋಜನವಿಲ್ಲ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರಿಗೆ ಅಲ್ಲಿ ಜಾಗ ಕಡಿಮೆ.

ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಲಬುರಗಿಯ ಒಂದು ಮಧ್ಯಾಹ್ನ 41 ಡಿಗ್ರಿ ಬಿಸಿಲು, ಶೇಕಡ 20 ತೇವಾಂಶ ಇದೆಯೆನ್ನಿ. ಒದ್ದೆ ಬಟ್ಟೆಯ ಮಾಪಕ ಸುಮಾರು 23ಕ್ಕೆ ಇಳಿಯುತ್ತದೆ. ಮಂಗಳೂರಿನಲ್ಲಿ 34 ಡಿಗ್ರಿ, ಶೇಕಡ 65 ತೇವಾಂಶ ಇರುವಾಗ ಅದು 28ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಆವಿಯಾಗುವುದರಿಂದ ಸಿಗಬಹುದಾದ ತಂಪು ಅಲ್ಲಿ 18 ಡಿಗ್ರಿ, ಇಲ್ಲಿ ಬರೀ 6. ಬಯಲುಸೀಮೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಕರಾವಳಿಯಲ್ಲಿ ಅಷ್ಟಕ್ಕಷ್ಟೇ ಆಗುವುದೂ ಇದೇ ಕಾರಣಕ್ಕೆ. ನಮ್ಮ ಛಾಯಾಗ್ರಾಹಕರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಮೇ ತಿಂಗಳಲ್ಲಿ ಮಂಗಳೂರಿನ ಹವಾನಿಯಂತ್ರಿತ ಕೋಣೆಯಿಂದ ಕ್ಯಾಮೆರಾ ಹೊರಗೆ ತಂದರೆ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ, ಅದು ಆರುವವರೆಗೆ ಚಿತ್ರೀಕರಣವಿಲ್ಲ. ಕಲಬುರಗಿಯಲ್ಲಿ ಈ ತಾಪತ್ರಯವಿಲ್ಲ.

ಹೀಗಿರುವಾಗ ಎರಡೂ ಕಡೆ ಒಂದೇ ತರಹದ ಮನೆ ಕಟ್ಟಿದರೆ ಹೇಗೆ? ಒಣ ಸೆಕೆಯ ನಾಡಿನಲ್ಲಿ ದಪ್ಪ ಕಲ್ಲಿನ ಗೋಡೆ, ಸಣ್ಣ ಕಿಟಕಿ ಇಟ್ಟು ಹಗಲು ಬಾಗಿಲು ಮುಚ್ಚಿ ಕೂರಬಹುದು. ಲಾವಂಚದ ತಟ್ಟಿಗೆ ನೀರು ಚಿಮುಕಿಸಬಹುದು. ಕರಾವಳಿಯಲ್ಲಿ ನೀರು ಚಿಮುಕಿಸಿದರೆ ಸೆಕೆಯ ಜೊತೆ ಇನ್ನಷ್ಟು ಆವಿ ಸೇರುತ್ತದೆ, ಅಷ್ಟೆ. ಇಲ್ಲಿ ನಡೆಯುವ ಉಪಾಯಗಳು ಎರಡೇ: ಬಿಸಿಲನ್ನು ಮೈಮೇಲೆ ಬೀಳಗೊಡದಿರುವುದು, ಗಾಳಿಯನ್ನು ಆಡಗೊಡುವುದು. ಸೆಕೆಂಡಿಗೆ ಒಂದು ಮೀಟರಿನಷ್ಟು ಮೆಲ್ಲಗೆ ಬೀಸುವ ಗಾಳಿ ಕೂಡ ಉಷ್ಣಾಂಶ ಎರಡು ಮೂರು ಡಿಗ್ರಿ ಇಳಿದ ಅನುಭವ ಕೊಡುತ್ತದೆ. ಮೇಲೆ ಮಾಡು ಇದ್ದು ಸುತ್ತ ಗೋಡೆಯಿಲ್ಲದ ಜಾಗವೇ ಇದಕ್ಕೆ ತಕ್ಕದ್ದು. ಅದೇ ಜಗಲಿ.

ಹಳೆಯ ಮನೆಯ ಜಗಲಿಯನ್ನು ಒಮ್ಮೆ ಲೆಕ್ಕದ ಕಣ್ಣಿನಿಂದ ನೋಡಿ. ನೆಲ ಅಂಗಳಕ್ಕಿಂತ ಎರಡು ಮೂರು ಅಡಿ ಎತ್ತರ. ಮಳೆಯ ಕೆಸರು ಸಿಡಿಯುವುದಿಲ್ಲ, ಕೂತವರ ಮೈಗೆ ಗಾಳಿ ತಾಗುತ್ತದೆ. ಮಾಡಿಗೆ ಹೆಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಸರಾದ ಹೆಂಚು ಅದು. ಅದರ ಸಂದುಗಳಲ್ಲಿ ಬಿಸಿ ಗಾಳಿ ಮೇಲಕ್ಕೆ ನುಸುಳಿ ಹೋಗುತ್ತದೆ. ಸೂರು ಮಾತ್ರ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಕೆಳಗೆ ಇಳಿದಿರುತ್ತದೆ. ಎತ್ತರದವರು ಹಣೆ ಬಡಿಸಿಕೊಂಡು ಬೈಯುವುದುಂಟು. ಆದರೆ ಅದಕ್ಕೊಂದು ಗಟ್ಟಿ ಕಾರಣವಿದೆ.

ಕರಾವಳಿಯ ದೊಡ್ಡ ತೊಡಕೆಂದರೆ ಗಾಳಿ, ಬಿಸಿಲು, ಮಳೆ ಮೂರೂ ಪಡುವಣದಿಂದಲೇ ಬರುವುದು. ಹಗಲು ನೆಲ ಕಾದಾಗ ಕಡಲ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಸೆಕೆ ಹೆಚ್ಚಿರುವ ಸಂಜೆಯ ಹೊತ್ತಿಗೆ ಸೂರ್ಯನೂ ಅಲ್ಲೇ. ಮುಂಗಾರಿನ ಇರಚಲು ಕೂಡ ನೈಋತ್ಯದಿಂದ. ಈಗ ತ್ರಿಕೋನಮಿತಿ ನೆನಪು ಮಾಡಿಕೊಳ್ಳಿ. ಒಂದು ಮೀಟರ್ ಚಾಚಿದ ಸೂರು ಪಡುವಣ ಗೋಡೆಗೆ ಎಷ್ಟು ನೆರಳು ಕೊಡುತ್ತದೆ? ಸೂರ್ಯ 60 ಡಿಗ್ರಿ ಎತ್ತರದಲ್ಲಿದ್ದರೆ ಸೂರಿನಿಂದ ಕೆಳಕ್ಕೆ 1.7 ಮೀಟರ್. ಸಂಜೆ ನಾಲ್ಕೂವರೆಗೆ, ಅವನು 30 ಡಿಗ್ರಿಯ ಹತ್ತಿರಕ್ಕೆ ಇಳಿದಾಗ, ಅರ್ಧ ಮೀಟರಿಗಿಂತ ತುಸು ಹೆಚ್ಚು. ಸೂರು ಎತ್ತರದಲ್ಲಿದ್ದರೆ ಈ ನೆರಳು ತಲೆಯ ಮೇಲೆಯೇ ಮುಗಿದು ಬಿಸಿಲು ಎದೆಗೆ ಹೊಡೆಯುತ್ತದೆ. ಆದ್ದರಿಂದ ಜಗಲಿ ಅಗಲವಾಗಿರಬೇಕು, ಸೂರು ತಗ್ಗಿರಬೇಕು. ಉಳಿದದ್ದನ್ನು ಮರದ ದಳಿ, ಹೆಣೆದ ತೆಂಗಿನ ಮಡಲಿನ ತಟ್ಟಿ ನೋಡಿಕೊಳ್ಳುತ್ತಿದ್ದವು. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಜಾಲಿ ಗೋಡೆಗಳನ್ನು ಕಟ್ಟಿದ್ದೂ ಇದೇ ಉದ್ದೇಶದಿಂದ: ಬಿಸಿಲು ತಡೆಯಬೇಕು, ಗಾಳಿ ನಿಲ್ಲಬಾರದು. ಅಂಗಳದ ಪಡುವಣ ಅಂಚಿನ ತೆಂಗು, ಅಡಿಕೆ ಮರಗಳೂ ಹಾಗೆಯೇ, ಮೇಲೆ ನೆರಳು, ಕೆಳಗೆ ಬರೀ ಕಾಂಡ.

ಈಗ ಹೊಸ ಮನೆಗಳ ಸಿಟೌಟಿಗೆ ಬನ್ನಿ. ಹೆಸರು ಬದಲಾದದ್ದರಲ್ಲಿ ತಪ್ಪಿಲ್ಲ. ಆದರೆ ಅದು ಎರಡು ಕುರ್ಚಿ ಹಿಡಿಸುವಷ್ಟಕ್ಕೆ ಕುಗ್ಗಿದೆ, ಕೆಲವರು ಅದಕ್ಕೂ ಗಾಜು ಹಾಕಿಸುತ್ತಾರೆ. ಗಾಜು ಬಿಸಿಲನ್ನು ಒಳಗೆ ಬಿಟ್ಟು ಶಾಖವನ್ನು ಹೊರಗೆ ಬಿಡುವುದಿಲ್ಲ. ಗಾಳಿಯಂತೂ ನಿಂತೇ ಹೋಯಿತು. ಅಂಗಳಕ್ಕೆ ಪೂರಾ ಇಂಟರ್‌ಲಾಕ್ ಹಾಸಿ ಸುತ್ತ ಆರಡಿ ಗೋಡೆ ಎಬ್ಬಿಸಿದರೆ ಹಗಲು ಕಾದ ಕಾಂಕ್ರೀಟು ರಾತ್ರಿಯವರೆಗೂ ಬಿಸಿ ಕಾರುತ್ತಿರುತ್ತದೆ. ಇದರ ಬಾಧೆ ಮೊದಲು ತಟ್ಟುವುದು ಹಗಲಿಡೀ ಮನೆಯಲ್ಲೇ ಇರುವ ಅಜ್ಜ ಅಜ್ಜಿಯರಿಗೆ ಮತ್ತು ಹಸುಗೂಸುಗಳಿಗೆ. ವಯಸ್ಸಾದವರ ದೇಹ ನಿಮ್ಮಷ್ಟು ಬೆವರುವುದಿಲ್ಲ. ರಾತ್ರಿಯೂ ಮೈ ತಣಿಯದಿದ್ದರೆ ಅವರ ಹೃದಯಕ್ಕೆ ಶ್ರಮ ಹೆಚ್ಚು. ಹವಾನಿಯಂತ್ರಕ ಇದೆಯಲ್ಲ ಎನ್ನಬಹುದು. ಅದರ ಬಿಲ್ಲು ಎಲ್ಲರ ಕೈಗೆಟುಕುವುದಿಲ್ಲ, ಸೆಕೆಗಾಲದಲ್ಲಿ ಕರೆಂಟೂ ಕೈಕೊಡುತ್ತದೆ.

ಸೊಳ್ಳೆಯ ಕಾಟಕ್ಕೆ ಗಾಜು ಹಾಕಿಸಿದೆವು ಎನ್ನುವವರೂ ಇದ್ದಾರೆ. ಮಲೇರಿಯಾ ಕಂಡ ಮಂಗಳೂರಿನಲ್ಲಿ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅದಕ್ಕೆ ಸೊಳ್ಳೆ ಪರದೆಯ ಜಾಲರಿ ಸಾಕು. ಜಾಲರಿ ಗಾಳಿಯನ್ನು ಒಂದಿಷ್ಟು ಕುಗ್ಗಿಸುತ್ತದೆ ನಿಜ, ಆದರೆ ಕೊಲ್ಲುವುದಿಲ್ಲ. ಇನ್ನು ತಾರಸಿಯ ಮೇಲೆ ತಗಡಿನ ಶೀಟು ಹಾಕಿಸಿದ ಮನೆಗಳು ಬೇಕಾದಷ್ಟಿವೆ. ಮಳೆಗೆ ಅದು ಒಳ್ಳೆಯದೇ. ಕೂರಲು ಮಾತ್ರ ಕಷ್ಟ, ಏಕೆಂದರೆ ಕಾದ ತಗಡು ಉಷ್ಣ ವಿಕಿರಣವನ್ನು ನೇರ ನಿಮ್ಮ ನೆತ್ತಿಗೆ ಕಳಿಸುತ್ತದೆ. ತಗಡಿನ ಕೆಳಗೆ ಅಂಗೈಯಗಲ ಜಾಗ ಬಿಟ್ಟು ಬಿದಿರಿನ ಚಾಪೆ ಕಟ್ಟಿ ನೋಡಿ. ಅಂಗಳಕ್ಕೆ ಬೇಸಿಗೆಯಲ್ಲಿ ಅಡಿಕೆ ಮರದ ಕಂಬ ನಿಲ್ಲಿಸಿ ಸೋಗೆಯ ಚಪ್ಪರ ಹಾಕಿದರೂ ಆದೀತು. ಸೋಗೆ ಶಾಖವನ್ನು ಕೂಡಿಡುವುದಿಲ್ಲ, ಮಳೆಗೆ ಮುಂಚೆ ಬಿಚ್ಚಿದರಾಯಿತು.

ನಿಮ್ಮ ಮನೆಯಲ್ಲಿ ಸಿಟೌಟಿಗೆ ಗಾಜು ಹಾಕಿಸುವ ಮಾತು ನಡೆದಿದ್ದರೆ, ಮೇಸ್ತ್ರಿ ಅಳತೆ ತೆಗೆಯಲು ಬರುವ ಮೊದಲು ಒಂದು ಪ್ರಯೋಗ ಮಾಡಿ. ಏಪ್ರಿಲ್ ತಿಂಗಳ ಒಂದು ದಿನ ಬೆಳಗ್ಗೆ ಎಂಟು, ಮಧ್ಯಾಹ್ನ ಎರಡು, ಸಂಜೆ ಐದು, ರಾತ್ರಿ ಒಂಬತ್ತಕ್ಕೆ ಕೂರುವ ಎತ್ತರದಲ್ಲಿ ಊದುಬತ್ತಿ ಹಚ್ಚಿ ಹಿಡಿಯಿರಿ. ಹೊಗೆ ಯಾವ ದಿಕ್ಕಿಗೆ ವಾಲುತ್ತದೆ, ಎಲ್ಲಿ ನೆಟ್ಟಗೆ ಮೇಲೇರುತ್ತದೆ ಎಂದು ಬರೆದಿಡಿ. ಜೊತೆಗೆ ಎರಡು ಉಷ್ಣಮಾಪಕ ತೂಗುಹಾಕಿ, ಒಂದು ಒಣಗಿದ್ದು, ಇನ್ನೊಂದಕ್ಕೆ ಒದ್ದೆ ಬಟ್ಟೆ. ಅದೇ ಅಳತೆಯನ್ನು ಕಿಟಕಿ ಮುಚ್ಚಿದ ಕೋಣೆಯಲ್ಲೂ ತೆಗೆಯಿರಿ. ಎರಡು ಕಡೆಯ ಅಂಕಿಗಳನ್ನೂ ಅಕ್ಕಪಕ್ಕ ಬರೆದು ಮನೆಯ ಹಿರಿಯರ ಮುಂದಿಡಿ.