ಅವ್ವನ ಓಟು ಮತ್ತು ಬೊಮ್ಮಾಯಿ ಪ್ರಕರಣ

1985ರ ಮಾರ್ಚಿನಲ್ಲಿ ನಾನು ಮೊದಲ ಸಲ ಓಟು ಹಾಕಿದೆ. ಆಗ ಮತದಾನದ ವಯಸ್ಸು 21. ಶಿಗ್ಗಾಂವದ ಹತ್ತಿರದ ನಮ್ಮೂರ ಸಾಲಿಯಲ್ಲಿ, ಪಾಳಿಯಲ್ಲಿ ಅವ್ವನ ಹಿಂದೆ ನಿಂತಿದ್ದೆ. ನಾಲ್ಕು ವರ್ಷದ ಮೇಲೆ, 1989ರ ಏಪ್ರಿಲ್ 21ರಂದು, ರಾಜ್ಯ ಸರ್ಕಾರವನ್ನು ವಜಾ ಮಾಡಿ ವಿಧಾನಸಭೆಯನ್ನೂ ವಿಸರ್ಜಿಸಿದರು. ರೇಡಿಯೊದಲ್ಲಿ ಸುದ್ದಿ ಕೇಳಿ ಅವ್ವ ಅಂದಳು: "ಆರಿಸಿದವ್ರು ನಾವು. ನಮ್ಮನ್ನ ಕೇಳದ ಹೆಂಗ ತಗದ್ರು?"

ಮುಂದೆ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವಾಗ, ಸಂವಿಧಾನದ ಪಾಠ ಬಂದಾಗಲೆಲ್ಲ ನಾನು ಶುರು ಮಾಡಿದ್ದು ಈ ಪ್ರಶ್ನೆಯಿಂದಲೇ. ಸಮಾನತೆ, ಸ್ವಾತಂತ್ರ್ಯ, ಬದುಕುವ ಹಕ್ಕು ಇವೆಲ್ಲ ಮಕ್ಕಳಿಗೆ ಬಾಯಿಪಾಠ ಇರುತ್ತವೆ. ವಯಸ್ಕರೆಲ್ಲರಿಗೂ ಓಟು ಕೊಟ್ಟಿರುವ 326ನೇ ವಿಧಿ ಮಾತ್ರ ಆ ಮೂಲಭೂತ ಹಕ್ಕುಗಳ ಭಾಗದಲ್ಲಿಲ್ಲ. ಹಾಗಾದರೆ ಅವ್ವನ ಓಟಿಗೆ ಕಾವಲು ಯಾರು?

ಅಂದು ಅಧಿಕಾರ ಕಳೆದುಕೊಂಡ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ನಮ್ಮ ಸೀಮೆಯವರೇ. 1924ರಲ್ಲಿ ಕಾರಡಗಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವಕೀಲಿಕೆ ಮಾಡಿದವರು. ಎಂ. ಎನ್. ರಾಯ್ ಅವರ ವಿಚಾರಗಳಿಗೆ ಮನಸ್ಸು ಕೊಟ್ಟವರು. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ, 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು.

1989ರ ಏಪ್ರಿಲ್‌ನಲ್ಲಿ ಶಾಸಕರೊಬ್ಬರು 19 ಪತ್ರಗಳ ಕಟ್ಟು ಹಿಡಿದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಲ್ಲಿಗೆ ಹೋದರು. ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್ ಪಡೆದಿದ್ದೇವೆ ಎಂಬ ಪತ್ರಗಳು. ರಾಜ್ಯಪಾಲರು 19ರಂದು ದೆಹಲಿಗೆ ವರದಿ ಬರೆದರು. ಮರುದಿನವೇ ಆ ಹತ್ತೊಂಬತ್ತರಲ್ಲಿ ಏಳು ಮಂದಿ, ತಪ್ಪು ಹೇಳಿ ತಮ್ಮ ಸಹಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. 27ಕ್ಕೆ ವಿಧಾನಸಭೆ ಕರೆಯುತ್ತೇವೆ, ಬಹುಮತವನ್ನು ಅಲ್ಲೇ ತೋರಿಸುತ್ತೇವೆ ಎಂದು ಬೊಮ್ಮಾಯಿ ತಿಳಿಸಿದರು. ಆರು ದಿನ ಕಾಯಬಹುದಿತ್ತು. ಕಾಯಲಿಲ್ಲ. ರಾಜ್ಯಪಾಲರ ಇನ್ನೊಂದು ವರದಿ ದೆಹಲಿಗೆ ಹೋಯಿತು, 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂತು.

ರಾಜ್ಯದ ಆಡಳಿತವನ್ನು ಸಂವಿಧಾನದಂತೆ ನಡೆಸಲು ಸಾಧ್ಯವೇ ಇಲ್ಲ ಎಂದು ರಾಷ್ಟ್ರಪತಿಗೆ ಮನವರಿಕೆಯಾದರೆ ಆಡಳಿತವನ್ನು ಕೇಂದ್ರ ವಹಿಸಿಕೊಳ್ಳಬಹುದು ಎನ್ನುತ್ತದೆ ಈ ವಿಧಿ. ರಾಷ್ಟ್ರಪತಿ ನಡೆಯುವುದು ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ. ಅಂದರೆ ದೆಹಲಿಯಲ್ಲಿ ಕೂತ ಪಕ್ಷಕ್ಕೆ ಮನವರಿಕೆಯಾದರೆ ಸಾಕು! ಇದನ್ನು ಬಳಸುವ ಪ್ರಸಂಗವೇ ಬಾರದಿರಲಿ ಎಂದು ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಆಶಿಸಿದ್ದರು. ಆದರೆ ಮುಂದೆ ಅದರ ಬಳಕೆ ನೂರು ಸಲ ದಾಟಿತು.

ಬಹುಮತವನ್ನು ಸದನದಲ್ಲೇ ಎಣಿಸಬೇಕು ಎಂಬುದನ್ನು ಮಕ್ಕಳಿಗೆ ತಿಳಿಸಲು ನಾನು ಗ್ರಾಮ ಪಂಚಾಯ್ತಿಯನ್ನೇ ಎದುರಿಗಿಡುತ್ತಿದ್ದೆ. ಅಧ್ಯಕ್ಷರನ್ನು ಇಳಿಸಬೇಕು ಎಂದು ಸದಸ್ಯರು ಸಹಿ ಮಾಡಿಕೊಟ್ಟ ಮಾತ್ರಕ್ಕೆ ಅಧ್ಯಕ್ಷರು ಇಳಿಯುವುದಿಲ್ಲ. ಅದಕ್ಕೆಂದೇ ಸಭೆ ಕರೆಯಬೇಕು, ಅಲ್ಲಿ ಎಣಿಕೆ ಆಗಬೇಕು. ರಾತ್ರಿ ಸಹಿ ಹಾಕಿದವನು ಬೆಳಿಗ್ಗೆ ಊರ ಜನರ ಮುಖ ನೋಡಿ ಕೈ ಎತ್ತಬೇಕಲ್ಲ, ಅಲ್ಲಿ ಸತ್ಯ ಹೊರಬೀಳುತ್ತದೆ. ಹಳ್ಳಿಯ ಪಂಚಾಯ್ತಿಗೆ ಇರುವಷ್ಟು ಮರ್ಯಾದೆ ವಿಧಾನಸಭೆಗೂ ಬೇಡವೇ?

ಬೊಮ್ಮಾಯಿ ಹೈಕೋರ್ಟಿಗೆ ಹೋದರು. ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿಯನ್ನು ವಜಾ ಮಾಡಿತು. ಅವರು ಅಷ್ಟಕ್ಕೇ ಬಿಡಲಿಲ್ಲ, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಗೊತ್ತಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತು ಎಂದು ಕೋರ್ಟು ಕೇಳುವಂತಿಲ್ಲ, ನಿಜ. ಆದರೆ ಆ ನಿರ್ಧಾರಕ್ಕೆ ಆಧಾರವಾದ ಕಾಗದಪತ್ರ ತರಿಸಿ ನೋಡಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ನಮ್ಮ ಸರ್ಕಾರವನ್ನು ವಜಾ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟು ಹೇಳಿತು.

1992ರ ಡಿಸೆಂಬರಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಸರ್ಕಾರಗಳನ್ನು ವಜಾ ಮಾಡಿದ್ದು ಸರಿ ಎಂದು ಹೇಳಿದ್ದೂ ಇದೇ ತೀರ್ಪು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ, ಅದಕ್ಕೆ ವಿರುದ್ಧವಾಗಿ ಯಾವ ರಾಜ್ಯ ಸರ್ಕಾರವೂ ನಡೆಯುವಂತಿಲ್ಲ ಎಂಬುದು ಅದರ ಆಧಾರ. ಮೂಲ ರಚನೆ ಎಂಬ ಈ ವಿಚಾರ ನೆಲೆಯಾದದ್ದು 1973ರಲ್ಲಿ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣದಲ್ಲಿ. ಗಡಿಯಾಚೆಯ ಕನ್ನಡ ಮಠವೊಂದರ ಸ್ವಾಮೀಜಿ, ನಮ್ಮ ಸೀಮೆಯ ವಕೀಲರೊಬ್ಬರು: ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಇಂದಿಗೂ ಈ ಇಬ್ಬರ ಹೆಸರಿನ ತೀರ್ಪುಗಳನ್ನು ಓದುತ್ತಾರೆ. ಇದನ್ನು ಹೇಳುವಾಗ ನನಗೆ ಎದೆ ತುಂಬಿ ಬರುತ್ತದೆ.

2018ರ ಮೇ 19ರಂದು ವಿಧಾನಸಭೆಯ ಕಲಾಪ ನೋಡಲು ಶಿಗ್ಗಾಂವ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಜನ ಟಿವಿ ಮುಂದೆ ಕಿಕ್ಕಿರಿದು ನಿಂತಿದ್ದರು, ನಾನೂ ನಿಂತಿದ್ದೆ. ಬಹುಮತ ತೋರಿಸಲು ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟು ಅದನ್ನು ಆ ದಿನದ ಸಂಜೆ ನಾಲ್ಕಕ್ಕೆ ಇಳಿಸಿತ್ತು. ಯಡಿಯೂರಪ್ಪನವರು ಎಣಿಕೆಗೆ ಮೊದಲೇ ರಾಜೀನಾಮೆ ಪ್ರಕಟಿಸಿದರು. ಯಾರು ಗೆದ್ದರು, ಯಾರು ಸೋತರು ಎಂಬುದಕ್ಕಿಂತ, ಅದು ಎಲ್ಲರ ಕಣ್ಣೆದುರು ನಡೆಯಿತು ಎಂಬುದೇ ನನಗೆ ದೊಡ್ಡದಾಗಿ ಕಂಡಿತು.

1994ರಲ್ಲಿ ತೀರ್ಪಿನ ಸುದ್ದಿಯನ್ನು ಅವ್ವನಿಗೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ಹಂಗಾರ ಆ ಸರಕಾರ ತಿರುಗಿ ಕೊಟ್ರೇನು?" ಇಲ್ಲ ಅಂದೆ. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. 1989ರ ನವೆಂಬರಿನಲ್ಲೇ ಹೊಸ ಚುನಾವಣೆಯೂ ಮುಗಿದಿತ್ತು. ವಜಾ ತಪ್ಪೆಂದು ಕಂಡರೆ ಸರ್ಕಾರವನ್ನೂ ಸದನವನ್ನೂ ಮರಳಿ ಕೂರಿಸುವ ಅಧಿಕಾರ ಕೋರ್ಟಿಗೆ ಇದೆ ಎಂದು ತೀರ್ಪು ಹೇಳಿತ್ತು, ಆದರೆ ನಮ್ಮ ಪಾಲಿಗೆ ಆ ಹೊತ್ತು ಮೀರಿತ್ತು. "ಮತ್ತ್ ಇಷ್ಟು ತಡಾ ಯಾಕ ಮಾಡಿದ್ರು?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

2016ರ ಜುಲೈ 13ರಂದು ಅರುಣಾಚಲ ಪ್ರದೇಶದಲ್ಲಿ ಹಿಂದಿದ್ದ ಸರ್ಕಾರವನ್ನು ಸುಪ್ರೀಂ ಕೋರ್ಟು ಮರಳಿ ಕೂರಿಸಿತು. ಮುಖ್ಯಮಂತ್ರಿ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು, ಆ ಮಾತು ಬೇರೆ. ಆ ದಿನದ ಪತ್ರಿಕೆಯನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ.