ಕಾಫಿ ಹೂವಿನ ಘಮ ಎಲ್ಲಿ ಹೋಯಿತು?

ಬೇಸಿಗೆಯಲ್ಲಿ ಹೂಮಳೆ ಬಿದ್ದರೆ ನಮ್ಮ ಮಲೆನಾಡಿಗೆ ಹಬ್ಬ. ಎಂಟು ಹತ್ತು ದಿನ ಕಳೆದರೆ ಸಾಕು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳೆಲ್ಲ ಬೆಳ್ಳಗೆ ಹೂ ಬಿಡುತ್ತವೆ. ಮಲ್ಲಿಗೆಯಂಥ ಘಮ ಲೈನ್ ಮನೆಯ ಒಳಗೂ ಬರುತ್ತದೆ.

2021ರಲ್ಲಿ ಕೊರೋನಾದ ಎರಡನೇ ಅಲೆ ಬಂತು. ನಮ್ಮ ಜೊತೆಯ ಒಬ್ಬ ಅಕ್ಕನಿಗೂ ಜ್ವರ ಬಂತು. ಜ್ವರವೇನೋ ವಾಸಿಯಾಯಿತು. ಆದರೆ ಮರುವರ್ಷ ಹೂ ಬಿಟ್ಟಾಗ ಅವಳಿಗೆ ಘಮವೇ ಇಲ್ಲ! ಒಲೆ ಮೇಲೆ ಅನ್ನ ಸೀದರೂ ಗೊತ್ತಾಗುತ್ತಿರಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಹಣ್ಣು ಕುಯ್ಯುವಾಗ ಚೀಲ ಎಲ್ಲಿಟ್ಟೆ ಅನ್ನೋದೇ ಮರೆತುಹೋಗುತ್ತಿತ್ತು.

“ಇವಳಿಗೆ ಕೆಲಸದ ಮೇಲೆ ಮನಸ್ಸಿಲ್ಲ” ಅಂದರು ಕೆಲವರು. “ಗಾಳಿ ಸೋಕಿದೆ, ತಾಯತ ಕಟ್ಟಿಸಿ” ಅಂದರು ಇನ್ನು ಕೆಲವರು. ಅಕ್ಕ ಯಾರಿಗೂ ಹೇಳದೆ ಅಳುತ್ತಿದ್ದಳು.

ಅದು ಸೋಮಾರಿತನವೇ? ಗಾಳಿಯೇ? ಎರಡೂ ಅಲ್ಲ. ಅದು ಕಾಯಿಲೆ ಬಿಟ್ಟುಹೋದ ತೊಂದರೆ. ಬನ್ನಿ, ತಿಳಿಯೋಣ.

ಮೆದುಳು ಮತ್ತು ನರ

ನಮ್ಮ ತಲೆಯೊಳಗೆ ಮೆದುಳು ಇದೆ. ಅಲ್ಲಿಂದ ಮೈಯೆಲ್ಲ ನರಗಳು ಹರಡಿವೆ. ಕರೆಂಟಿನ ತಂತಿಗಳ ಹಾಗೆ. ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದರೆ ಏನಾಗುತ್ತದೆ? ಮನೆಯಲ್ಲಿ ಬಲ್ಬು ಚೆನ್ನಾಗಿದ್ದರೂ ಕತ್ತಲೆ. ನರಕ್ಕೆ ಪೆಟ್ಟಾದರೂ ಹಾಗೆಯೇ. ಕೈಕಾಲು ನೋಡಲು ಸರಿಯಾಗಿರುತ್ತವೆ, ಕೆಲಸ ಮಾತ್ರ ನಡೆಯುವುದಿಲ್ಲ.

ವಾಸನೆ ಏಕೆ ಹೋಯಿತು?

ಕೊರೋನಾ ವೈರಸ್ ಮೂಗಿನಿಂದ ಒಳಗೆ ಬರುತ್ತದೆ. ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ನರಗಳಿವೆ. ಅವುಗಳ ಸುತ್ತ ಅವನ್ನು ಸಾಕುವ ಜೀವಕೋಶಗಳಿವೆ. ವೈರಸ್ ಮೊದಲು ಹಾಳು ಮಾಡುವುದು ಈ ಜೀವಕೋಶಗಳನ್ನು. ಆಗ ನರವೂ ಸೊರಗುತ್ತದೆ. ವಾಸನೆ ಮೆದುಳಿಗೆ ಮುಟ್ಟುವುದಿಲ್ಲ. ಬಹಳ ಜನರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳುತ್ತದೆ. ಕೆಲವರಿಗೆ ತಿಂಗಳುಗಳು, ವರ್ಷವೂ ಬೇಕು.

ಮರೆವು, ಸುಸ್ತು ಏಕೆ?

ವೈರಸ್ ವಿರುದ್ಧ ನಮ್ಮ ಮೈ ಹೋರಾಡುತ್ತದೆ. ಆ ಹೋರಾಟದ ಕಾವು ಮೆದುಳಿಗೂ ತಾಗಬಹುದು. ಉಸಿರು ಕಟ್ಟಿದವರಿಗೆ ಮೆದುಳಿಗೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ಹೀಗಾಗಿ ಮರೆವು, ತಲೆನೋವು, ನಿದ್ದೆ ಬಾರದಿರುವುದು, ವಿಪರೀತ ಸುಸ್ತು ಉಳಿದುಬಿಡಬಹುದು.

ಇಂಗ್ಲೆಂಡಿನ ವಿಜ್ಞಾನಿಗಳು 785 ಜನರ ಮೆದುಳಿನ ಚಿತ್ರಗಳನ್ನು ಎರಡೆರಡು ಸಲ ತೆಗೆದು ಹೋಲಿಸಿದರು. ಇವರಲ್ಲಿ 401 ಜನರಿಗೆ ನಡುವೆ ಕೊರೋನಾ ಬಂದಿತ್ತು. ಅವರ ಮೆದುಳಿನಲ್ಲಿ ವಾಸನೆಗೆ ಸಂಬಂಧಪಟ್ಟ ಭಾಗಗಳು ಸ್ವಲ್ಪ ಹೆಚ್ಚು ಸವೆದಿದ್ದವು. 2022ರಲ್ಲಿ ಈ ವಿಷಯ ಪ್ರಕಟವಾಯಿತು. ಅಂದರೆ ನಮ್ಮ ಅಕ್ಕ ನೆಪ ಹೇಳುತ್ತಿರಲಿಲ್ಲ.

ತಡ ಮಾಡಬಾರದು

ಕೊರೋನಾ ಬಂದಾಗ ಕೆಲವರ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿನ ರಕ್ತನಾಳ ಮುಚ್ಚಿದರೆ ಲಕ್ವ ಹೊಡೆಯುತ್ತದೆ. ಇದು ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರಿಗೂ ಬರುತ್ತದೆ. ಗುರುತು ಹೀಗಿದೆ:

ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು.
ಒಂದು ಕೈ ಅಥವಾ ಕಾಲು ಎತ್ತಲಾಗದಿರುವುದು.
ಮಾತು ತೊದಲುವುದು.

ಇದರಲ್ಲಿ ಒಂದು ಕಂಡರೂ ಎಣ್ಣೆ ತಿಕ್ಕುತ್ತಾ ಕೂರಬಾರದು. ಕೂಡಲೇ 108ಕ್ಕೆ ಫೋನ್ ಮಾಡಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮದು ಘಟ್ಟದ ದಾರಿ, ದೊಡ್ಡ ಆಸ್ಪತ್ರೆ ದೂರ. ಆದ್ದರಿಂದ ಮನೆಯಲ್ಲಿ ಕಳೆದ ಒಂದೊಂದು ನಿಮಿಷವೂ ನಷ್ಟವೇ.

ಅಪರೂಪಕ್ಕೆ ಕೆಲವರಿಗೆ ಪಾದದಿಂದ ಜೋಮು, ನಿಶ್ಶಕ್ತಿ ಶುರುವಾಗಿ ಮೇಲೇರುತ್ತದೆ. ಆಗಲೂ ಬೇಗ ಆಸ್ಪತ್ರೆಗೆ ಹೋಗಬೇಕು.

ಎಲ್ಲ ಜ್ವರವೂ ಕೊರೋನಾ ಅಲ್ಲ

ಮೆದುಳಿಗೆ ತಾಗುವ ಜ್ವರ ಮಲೆನಾಡಿಗೆ ಹೊಸದಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ನಮ್ಮ ಜಿಲ್ಲೆಯಲ್ಲೂ ಕಂಡಿದೆ. ಇದು ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಕೆಲವರಿಗೆ ಜ್ವರ ಒಮ್ಮೆ ಇಳಿದು ಮತ್ತೆ ಬರುತ್ತದೆ. ಆಗ ತಲೆನೋವು, ಕತ್ತು ಬಿಗಿತ, ಗೊಂದಲದ ಮಾತು ಕಾಣಬಹುದು. ಸೌದೆಗೆ ಕಾಡಿಗೆ ಹೋಗಿದ್ದರೆ ಡಾಕ್ಟರಿಗೆ ಅದನ್ನು ಮರೆಯದೆ ಹೇಳೋಣ.

ನಾವೇನು ಮಾಡೋಣ?

ವಾಸನೆ ಹೋದವರು ಮೂಗಿಗೆ ಅಭ್ಯಾಸ ಕೊಡಬೇಕು. ಖರ್ಚಿಲ್ಲ. ಲವಂಗ, ಏಲಕ್ಕಿ, ನಿಂಬೆ ಸಿಪ್ಪೆ, ಕಾಫಿ ಪುಡಿ ತೆಗೆದುಕೊಳ್ಳೋಣ. ಬೆಳಿಗ್ಗೆ, ಸಂಜೆ ಒಂದೊಂದನ್ನೂ 20 ಸೆಕೆಂಡು ಮೂಸೋಣ. ಆ ವಾಸನೆಯನ್ನು ನೆನಪು ಮಾಡಿಕೊಳ್ಳೋಣ. ಮೂರು ನಾಲ್ಕು ತಿಂಗಳು ಬಿಡದೆ ಮಾಡಬೇಕು.

ಮರೆವು ಇದ್ದವರು ಚೀಟಿ ಬರೆದಿಡಬಹುದು. ನಾವು ಕಲಿತ ಅಕ್ಷರ ಇಲ್ಲಿ ಕೈ ಹಿಡಿಯುತ್ತದೆ. ದಣಿವಾದಾಗ ಕೂರಬೇಕು. ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ತೊಂದರೆ ಉಳಿದರೆ ಆಶಾ ಅಕ್ಕನಿಗೆ ಹೇಳಿ, ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ಮನಸ್ಸು ಕುಗ್ಗಿದರೆ 14416ಕ್ಕೆ ಫೋನ್ ಮಾಡಬಹುದು. ಇದು ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಮ್ಮ ಅಕ್ಕನೂ ದಿನಾ ಮೂಸಿದಳು. ಮೊದಲು ಬಂದದ್ದು ಲವಂಗದ ವಾಸನೆ. ಆಮೇಲೆ ಕಾಫಿ ಪುಡಿಯದು. ಮುಂದಿನ ಹೂಮಳೆಯ ಹೊತ್ತಿಗೆ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, “ಹೂ ಬಿಟ್ಟಿದೆ ಅಲ್ವಾ?” ಅಂದಳು. ಅವಳಿನ್ನೂ ತೋಟದ ಕಡೆ ನೋಡಿರಲಿಲ್ಲ.

ನಿಮ್ಮ ಲೈನಿನಲ್ಲೂ ಇಂಥ ಅಕ್ಕ ಇರಬಹುದು. ಅವಳನ್ನು ಬೈಯುವ ಮುಂಚೆ ಅವಳಿಗೆ ಏನಾಗಿದೆ ಅಂತ ಕೇಳೋಣ.